ಗೊತ್ತಿರೋ ಪದಕ್ಕೇ ಹಳೇ ನಿಘಂಟು ಬೇಕಾಗೋದು

ಪ್ರಶ್ನೆ: ನಾನು ಬೆಳಗಾವಿ ಕಡೆಯವಳು, ಮೂರು ವರ್ಷದಿಂದ ಹಿಂದಿ ಕಥೆಗಳನ್ನ ಕನ್ನಡಕ್ಕೆ ತರ್ತಿದೀನಿ, ಈಗೀಗ ಉರ್ದು ಲಿಪೀನೂ ಕಲೀತಿದೀನಿ. ನೂರು ವರ್ಷ ಹಳೇದಾದ ಒಂದು ಕಥೇಲಿ ಹೊಲಕ್ಕಾಗಿ ಕಿತ್ತಾಡ್ತಿದ್ದ ಅಣ್ಣತಮ್ಮ ಇಬ್ರೂ ಕೊನೆಗೆ ಕಚೇರಿಗೆ ಹೋಗಿ 'ರಾಜೀನಾಮಾ' ದಾಖಲ್ ಮಾಡ್ತಾರೆ ಅಂತಿದೆ. ಇಬ್ರೂ ರೈತರು, ನೌಕರಿನೇ ಇಲ್ಲ, ರಾಜೀನಾಮೆ ಎಲ್ಲಿಂದ ಬಂತು? ಗೆಳತಿ ಒಬ್ಬಳು 'ಪ್ಲ್ಯಾಟ್ಸ್ ನಿಘಂಟು ತಗೋ' ಅಂತಾಳೆ, ಅದು 1884ರ ಉರ್ದು-ಹಿಂದಿ-ಇಂಗ್ಲಿಷ್ ನಿಘಂಟಂತೆ. ಫೋನಲ್ಲೇ ಹತ್ತು ಆ್ಯಪ್ ಇರುವಾಗ ಅಷ್ಟು ಹಳೇದು ಯಾಕೆ? ಭಾಷೆ ಕಲಿಯೋರಿಗೂ ಅದರಿಂದ ಉಪಯೋಗ ಇದ್ಯಾ? ರೀಪ್ರಿಂಟ್ ತಗೊಳ್ಳೋದಾದ್ರೆ ಏನು ನೋಡ್ಬೇಕು?

ಉತ್ತರ: ನಿಮ್ಮ ಅಣ್ಣತಮ್ಮಂದಿರಿಂದಲೇ ಶುರು ಮಾಡ್ತೀನಿ. ಅವರು ಏನೂ ಬಿಟ್ಟು ಬಂದಿಲ್ಲ, ರಾಜಿಯಾಗಿದಾರೆ ಅಷ್ಟೇ. ರಾಜೀ ಅಂದ್ರೆ ಒಪ್ಪಿದವನು, ನಾಮಾ ಅಂದ್ರೆ ಪತ್ರ. ಪ್ಲ್ಯಾಟ್ಸ್ ತೆಗೆದು ನೋಡಿದ್ರೆ ಒಪ್ಪಿಗೆ ಪತ್ರ, ರಾಜಿ ಪತ್ರ, ಕೋರ್ಟಲ್ಲಿ ವಾದಿ ಆದವನು 'ನನಗೆ ಸಮಾಧಾನ ಆಗಿದೆ' ಅಂತ ಬರೆದುಕೊಟ್ಟು ಕೇಸು ಮುಗಿಸೋ ಕಾಗದ, ಈ ತರಹದ ಅರ್ಥಗಳೇ ಇರೋದು. ನೌಕರಿ ಬಿಡೋದಕ್ಕೆ ಉರ್ದು ಹಿಂದೀಲಿ ಇಸ್ತೀಫಾ ಅಂತಾರೆ. ರಾಜೀನಾಮೆ ಅಂದ್ರೆ ಕುರ್ಚಿ ಬಿಡೋದು ಅನ್ನೋ ಅರ್ಥ ನಮ್ಮದು ಮತ್ತೆ ಮರಾಠಿಯವರದ್ದು, ಗುಜರಾತಿಯವರದ್ದೂ ಹೌದು. ನೀವು ಬೆಳಗಾವಿಯವರಾದ್ದರಿಂದ ಹೇಳ್ತೀನಿ, ನಿಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತಲ್ಲ, ಅಲ್ಲಿನ ಕಂದಾಯ ದಫ್ತರದಲ್ಲಿ ರೈತ ತನ್ನ ಜಮೀನಿನ ಹಕ್ಕು ಬಿಟ್ಟುಕೊಡ್ತೀನಿ ಅಂತ ಬರೆದುಕೊಡೋ ಕಾಗದಕ್ಕೆ ರಾಜೀನಾಮಾ, ಹೊಸಬ ನಾನು ತಗೋತೀನಿ ಅಂತ ಬರೆದುಕೊಡೋದಕ್ಕೆ ಕಬೂಲಾಯತ್ ಅಂತಿತ್ತು. ಒಪ್ಪಿಗೆಯಿಂದ ಜಮೀನು ಬಿಡೋದಕ್ಕೆ, ಜಮೀನು ಬಿಡೋದರಿಂದ ಹುದ್ದೆ ಬಿಡೋದಕ್ಕೆ, ಹೀಗೆ ಪದ ಜಾರ್ತಾ ಬಂದಿರಬೇಕು ಅನ್ನೋದು ನನ್ನ ಊಹೆ.

ಈಗ ನಿಮ್ಮನ್ನೇ ಕೇಳ್ತೀನಿ, ಆ ಪದಾನ ನೀವು ಆ್ಯಪಲ್ಲಿ ಹುಡುಕಿದ್ರಾ? ಇಲ್ಲ ಅಂತ ನನ್ನ ಅಂದಾಜು, ಯಾಕಂದ್ರೆ ರಾಜೀನಾಮೆ ಅಂದ್ರೆ ಏನು ಅಂತ ನಿಮಗೆ 'ಗೊತ್ತು'. ಕನ್ನಡದವರಿಗೆ ಉರ್ದು ಹಿಂದೀಲಿ ಇರೋ ದೊಡ್ಡ ಕಷ್ಟ ಇದೇ ನೋಡಿ. ಗೊತ್ತಿಲ್ಲದ ಪದಕ್ಕೆ ಯಾವ ಆ್ಯಪ್ ಆದರೂ ನಡೆಯತ್ತೆ, ಹುಡುಕ್ತೀವಿ, ಸಿಗತ್ತೆ, ಮುಗೀತು. ಕೈ ಕೊಡೋದು ಗೊತ್ತಿರೋ ಪದ. ಅರ್ಜಿ, ಬಾಕಿ, ವಸೂಲಿ, ಮಂಜೂರು, ತಕರಾರು, ಜಾರಿ, ಹಾಜರಿ ಅಂತ ನೂರಾರು ಪದ ನಮ್ಮ ಮನೇಲೇ ಹುಟ್ಟಿದಂಗೆ ಓಡಾಡ್ಕೊಂಡಿವೆ, ಹಿಂದಿ ಪುಸ್ತಕದಲ್ಲಿ ಅವು ಕಂಡಾಗ ನಮ್ಮೋರೇ ಅಂತ ಮಾತಾಡಿಸದೇ ಮುಂದೆ ಹೋಗ್ತೀವಿ, ಆದ್ರೆ ಅಲ್ಲಿ ಅವು ಬೇರೆ ಕೆಲಸದಲ್ಲಿ ಇರ್ತವೆ.

ಬಂದೋಬಸ್ತ್ ತಗೊಳ್ಳಿ. ನಮಗೆ ಆ ಪದ ಕೇಳಿದ ತಕ್ಷಣ ಪೊಲೀಸ್ ವ್ಯಾನು, ಲಾಠಿ, ಗಣೇಶನ ಮೆರವಣಿಗೆ ಕಣ್ಮುಂದೆ ಬರತ್ತೆ. ಮೂಲದಲ್ಲಿ ಅದು ಕಟ್ಟುಪಾಡು, ಏರ್ಪಾಡು ಅಷ್ಟೇ. ಹತ್ತೊಂಬತ್ತನೇ ಶತಮಾನದ ಉರ್ದು ಗದ್ಯದಲ್ಲಿ ಅದು ಬಂದ್ರೆ ಎಷ್ಟೋ ಸಲ ಭೂಕಂದಾಯ ನಿಗದಿ ಮಾಡೋದು ಅಂತ ಅರ್ಥ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ತಂದ ಕಾಯಂ ಜಮೀನ್ದಾರಿ ಪದ್ಧತಿಗೆ ಉರ್ದುವಲ್ಲಿ ಇಸ್ತಮ್ರಾರೀ ಬಂದೋಬಸ್ತ್ ಅಂತಾರೆ. ಅದನ್ನ 'ಶಾಶ್ವತ ಬಂದೋಬಸ್ತ್' ಅಂತ ಹಾಗೇ ಇಳಿಸಿದ್ರೆ ಓದೋನು ಪಾಪ ಯಾವ ಗಲಾಟೆಗೆ ಇಷ್ಟು ವರ್ಷ ಪೊಲೀಸ್ರನ್ನ ಹಾಕಿದ್ರು ಅಂತ ತಲೆ ಕೆಡಿಸ್ಕೋತಾನೆ. ತಮಾಷೆನೂ ಹಂಗೇ, ನಮಗೆ ಅದು ನಗೆಚಾಟಿಕೆ, ಅದರ ಬೇರು ಅರಬ್ಬಿಯ 'ನಡೆಯೋದು' ಅನ್ನೋ ಧಾತುವಲ್ಲಿದೆ, ಸುಮ್ಮನೆ ಅಡ್ಡಾಡ್ತಾ ನೋಡೋದು, ಆಮೇಲೆ ನೋಡೋ ನೋಟ, ಆಮೇಲೆ ಆಟ. ಹಳೇ ಶಾಯರಿಯಲ್ಲಿ ಜಗತ್ತು ತಮಾಶಾ ಅಂತ ಬಂದ್ರೆ ಜೋಕು ಅಂತಲ್ಲ, ಕಣ್ಮುಂದೆ ನಡೀತಿರೋ ದೃಶ್ಯ ಅಂತ. ಹೈರಾನ್ ಅಂದ್ರೆ ಅಲ್ಲಿ ಬೆರಗಾದವನು, ದಿಕ್ಕುತೋಚದವನು, ನಮ್ಮಲ್ಲಿ ಹೈರಾಣಾದವನು ಬಸ್ಸಲ್ಲಿ ನಿಂತು ನಿಂತು ಸುಸ್ತಾದವನು. ಫಜೀಹತ್ ಅಂದ್ರೆ ಮಾನ ಹೋಗೋದು, ನಮ್ಮ ಫಜೀತಿ ಅಷ್ಟು ಕೆಟ್ಟದ್ದೇನಲ್ಲ.

ಗರೀಬ್ ಇವೆಲ್ಲಕ್ಕಿಂತ ನಾಜೂಕು. ಇದರಲ್ಲಿ ಕನ್ನಡದವರು ಒಬ್ಬರೇ ಅಲ್ಲ, ಇವತ್ತಿನ ಹಿಂದಿಯವರೂ ಬೀಳ್ತಾರೆ. ಎಲ್ಲರಿಗೂ ಅದು ಬಡವ. ಪ್ಲ್ಯಾಟ್ಸ್ ಅಲ್ಲಿ ಮೊದಲು ಬರೋದು ಪರದೇಶಿ, ಅಪರಿಚಿತ, ವಿಚಿತ್ರ ಅನ್ನೋ ಅರ್ಥ, ಬಡವ ಆಮೇಲೆ. ಅಜೀಬೋಗರೀಬ್ ಅಂತೀವಲ್ಲ, ಅದರಲ್ಲಿ ಬಡತನ ಎಲ್ಲಿದೆ ಹೇಳಿ? ಹಳೇ ಕವಿ ತನ್ನನ್ನ ತಾನೇ ಗರೀಬ್ ಅಂದ್ಕೊಂಡ್ರೆ ಜೇಬು ಖಾಲಿ ಅಂತ ಅಳ್ತಿಲ್ಲ, ಊರು ಬಿಟ್ಟು ಬಂದಿದೀನಿ, ಇಲ್ಲಿ ನನಗೆ ಯಾರೂ ಇಲ್ಲ ಅಂತ ಹೇಳ್ತಿರಬಹುದು. ಕನ್ನಡದ 'ಪರದೇಸಿ' ಈ ಜಾಗಕ್ಕೆ ಎಷ್ಟು ಚೆನ್ನಾಗಿ ಕೂರತ್ತೆ ನೋಡಿ, ಅದರಲ್ಲೂ ಪರಊರಿನವನೂ ಇದಾನೆ, ದಿಕ್ಕಿಲ್ಲದೋನೂ ಇದಾನೆ.

ಈ ಪ್ಲ್ಯಾಟ್ಸ್ ಯಾರು ಅಂತ ಒಂದೆರಡು ಮಾತು. ಜಾನ್ ಟಿ. ಪ್ಲ್ಯಾಟ್ಸ್, 1830ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದವನು, ಮಧ್ಯಪ್ರಾಂತ್ಯದಲ್ಲಿ ಸ್ಕೂಲ್ ಇನ್‌ಸ್ಪೆಕ್ಟರ್ ಆಗಿದ್ದ, ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೋಗಿ ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಪರ್ಶಿಯನ್ ಮೇಷ್ಟ್ರಾದ, 1904ರಲ್ಲಿ ತೀರ್ಕೊಂಡ. 1884ರಲ್ಲಿ ಲಂಡನ್ನಲ್ಲಿ ಬಂದ ಅವನ ಉರ್ದು, ಪ್ರಾಚೀನ ಹಿಂದಿ ಮತ್ತು ಇಂಗ್ಲಿಷ್ ನಿಘಂಟು 1259 ಪುಟ. ಉರ್ದುವನ್ನೂ ಹಿಂದಿಯನ್ನೂ ಒಂದೇ ಅಕ್ಷರಮಾಲೆಯಲ್ಲಿ ಒಟ್ಟಿಗೆ ಕೂರಿಸಿದಾನೆ, ಇವತ್ತಿನ ನಿಘಂಟುಗಳು ಅವನ್ನ ಎರಡು ಮನೆ ಮಾಡಿ ಬೇಲಿ ಹಾಕಿರೋದರಿಂದ ಈ ಒಂದೇ ಕಾರಣಕ್ಕೆ ನಾನು ಅದನ್ನ ಇಟ್ಕೊಂಡಿದೀನಿ ಅಂದ್ರೂ ತಪ್ಪಿಲ್ಲ. ಪದದ ಮುಂದೆ ಒಂದು ಅಕ್ಷರ ಇರತ್ತೆ, ಎ ಅಂದ್ರೆ ಅರಬ್ಬಿ, ಪಿ ಪರ್ಶಿಯನ್, ಎಚ್ ಹಿಂದಿ, ಎಸ್ ಸಂಸ್ಕೃತ. ಆಮೇಲೆ ಉರ್ದು ಲಿಪೀಲಿ ಪದ, ದೇಸಿ ಪದವಾದ್ರೆ ನಾಗರಿಯಲ್ಲೂ, ಆಮೇಲೆ ರೋಮನ್, ಚೌಕ ಕಂಸದಲ್ಲಿ ಪ್ರಾಕೃತ ಸಂಸ್ಕೃತದ ಬೇರು, ಲಿಂಗ, ಅರ್ಥ. ಲಿಂಗ ಕೊಡೋದು ಕಲಿಯೋರಿಗೆ ಎಷ್ಟು ದೊಡ್ಡ ಉಪಕಾರ ಅಂತ ಬೇರೆ ಹೇಳ್ಬೇಕಾ, ಕುರ್ಚಿ ಹೆಣ್ಣೋ ಗಂಡೋ ಅಂತ ಕೇಳೋ ಭಾಷೆಗೆ ಕನ್ನಡದವರು ತಯಾರಾಗೇ ಹುಟ್ಟಿರಲ್ಲ. ಒಂದು ಎಚ್ಚರಿಕೆ, ಅವನು ಸಾಮಾನ್ಯವಾಗಿ ಬೇರಿಗೆ ಹತ್ತಿರ ಇರೋ ಅರ್ಥಾನ ಮೊದಲು ಕೊಡ್ತಾನೆ, ಬಳಕೇಲಿ ಜಾಸ್ತಿ ಇರೋದನ್ನಲ್ಲ, ಹಾಗಾಗಿ ಮೊದಲನೇ ಅರ್ಥ ಎತ್ಕೊಂಡು ಓಡಬೇಡಿ, ಕೊನೆವರೆಗೂ ಓದಿ.

ಉರ್ದು ಲಿಪಿ ಕಲೀತಿದೀನಿ ಅಂದ್ರಲ್ಲ, ಖುಷಿಯಾಯ್ತು, ಯಾಕಂದ್ರೆ ಅದಿಲ್ಲದೇ ನಾನು ಪಟ್ಟ ಪಾಡು ನನಗೇ ಗೊತ್ತು. ಶುರುವಿನಲ್ಲಿ ನಾಗರೀಲಿ ಅಚ್ಚಾಗಿದ್ದ ಒಂದು ಗಜಲ್ ಸಂಕಲನ ಹಿಡ್ಕೊಂಡು ಅನುವಾದಕ್ಕೆ ಕೂತಿದ್ದೆ. ಒಂದು ಸಾಲಲ್ಲಿ 'ಸದಾ' ಅಂತ ಇತ್ತು. ಸದಾ ಅಂದ್ರೆ ಯಾವಾಗಲೂ, ಕನ್ನಡದವನಿಗೆ ಇದರಲ್ಲಿ ಅನುಮಾನ ಬರೋಕೆ ಸಾಧ್ಯನೇ ಇಲ್ಲ. 'ಸದಾ ಬರುತ್ತದೆ' ಅಂತ ಬರೆದು, ಏನು ಬರುತ್ತದೆ ಅಂತ ಕರ್ತೃ ಸಿಗದೇ ಒಂದು ಮಳೆಯನ್ನೂ ನಾನೇ ಸೇರಿಸಿದ್ದೆ! ನನ್ನ ಉಸ್ತಾದರು ನೋಡಿ ನಕ್ಕು ನಕ್ಕು, ಕಾಗದದ ಮೇಲೆ ಎರಡು ಪದ ಬರೆದು ತೋರಿಸಿದ್ರು. ಸೀನ್ ಅಕ್ಷರದಲ್ಲಿ ಬರೆದ ಸದಾ ನಮ್ಮ ಸಂಸ್ಕೃತದ್ದು, ಯಾವಾಗಲೂ ಅಂತ. ಸ್ವಾದ್ ಅಕ್ಷರದಲ್ಲಿ ಬರೆದದ್ದು ಅರಬ್ಬಿಯದು, ಕೂಗು, ದನಿ, ಪ್ರತಿಧ್ವನಿ ಅಂತ. ದನಿ ಬರ್ತಿತ್ತು, ಮಳೆ ಅಲ್ಲ. ಉರ್ದುವಿನ ಮೂರು 'ಸ'ಗಳು ನಮ್ಮಲ್ಲಿ ಒಂದೇ ಸ ಆಗ್ತವೆ, ನಾಲ್ಕು 'ಜ'ಗಳು ಒಂದೇ ಜ. ನಜರ್ ಅಂದ್ರೆ ನೋಟ, ನಜ್ರ್ ಅಂದ್ರೆ ಕಾಣಿಕೆ, ನಮ್ಮ ನಜರಾಣೆ ಬಂದಿರೋದು ಎರಡನೇದರಿಂದ, ಉರ್ದು ಲಿಪೀಲಿ ಎರಡಕ್ಕೂ ಜ ಬೇರೆ ಬೇರೆ. ಆಮ್ ಅಂದ್ರೆ ಮಾವು, ಆಮ್ ಅಂದ್ರೆ ಸಾಮಾನ್ಯ, ಮಾವು ಅಲಿಫ್‌ನಿಂದ ಶುರು, ಸಾಮಾನ್ಯ ಐನ್‌ನಿಂದ. ನಾಗರೀಲಿ ಈ ಅಕ್ಷರಗಳ ವ್ಯತ್ಯಾಸ ಕಾಣಲ್ಲ. ಪ್ಲ್ಯಾಟ್ಸ್ ಅಲ್ಲಿ ಇವು ಬೇರೆ ಬೇರೆ ಪುಟದಲ್ಲಿ ಕೂತಿರ್ತವೆ, ನೀವು ಕಲಸೋ ಪ್ರಯತ್ನ ಮಾಡಿದ್ರೂ ಕಲಸಿಹೋಗಲ್ಲ.

ಇನ್ನು ನನ್ನ ಪ್ರೀತಿಯವನು ಪ್ಲ್ಯಾಟ್ಸ್ ಅಲ್ಲ, ಫ್ಯಾಲನ್. ಎಸ್. ಡಬ್ಲ್ಯು. ಫ್ಯಾಲನ್, ಬಿಹಾರದಲ್ಲಿ ಸ್ಕೂಲ್ ಇನ್‌ಸ್ಪೆಕ್ಟರ್ (ಆಗ ಸ್ಕೂಲ್ ಇನ್‌ಸ್ಪೆಕ್ಟರಿಗೆ ನಿಘಂಟು ಮಾಡೋದೇ ಕೆಲಸವಾ ಅಂತ ಅನುಮಾನ ಬರತ್ತೆ), 1879ರಲ್ಲಿ ಅವನ ಹಿಂದೂಸ್ತಾನಿ ಇಂಗ್ಲಿಷ್ ನಿಘಂಟು ಬನಾರಸ್‌ನಲ್ಲಿ ಅಚ್ಚಾಯ್ತು, ಮುಂದಿನ ವರ್ಷ ಅವನೇ ಇಲ್ಲ. ಈ ಮನುಷ್ಯನಿಗೆ ಪಂಡಿತರನ್ನ ಕಂಡ್ರೂ ಆಗ್ತಿರಲಿಲ್ಲ, ಮೌಲವಿಗಳನ್ನ ಕಂಡ್ರೂ ಆಗ್ತಿರಲಿಲ್ಲ. ಒಬ್ಬರು ಸಂಸ್ಕೃತ ತುರುಕ್ತಾರೆ, ಇನ್ನೊಬ್ಬರು ಅರಬ್ಬಿ ತುರುಕ್ತಾರೆ, ಜೀವಂತ ಭಾಷೆ ಇರೋದು ಬೀದೀಲಿ, ಹೊಲದಲ್ಲಿ, ಅದರಲ್ಲೂ ಮನೆಯೊಳಗಿನ ಹೆಂಗಸರ ಬಾಯಲ್ಲಿ ಅನ್ನೋದು ಅವನ ವಾದ. ಹಾಗಾಗಿ ಅಲ್ಲಿ ಬೈಗುಳ ಇದೆ, ಒಗಟು ಇದೆ, ಜನಪದ ಹಾಡಿನ ತುಣುಕು ಇದೆ, ಗಾದೆಗಳು ಕಂತೆ ಕಂತೆ. ಗಾದೆಗಳದ್ದೇ ಒಂದು ಪ್ರತ್ಯೇಕ ಪುಸ್ತಕ ಅವನು ಸತ್ತ ಮೇಲೆ 1886ರಲ್ಲಿ ಬಂತು. ಅಶ್ಲೀಲ ಪದಗಳನ್ನೂ ಬಿಡದೇ ಹಾಕಿದಾನೆ, ಪ್ಲ್ಯಾಟ್ಸ್ ಅಂತಹ ಜಾಗದಲ್ಲಿ ಲ್ಯಾಟಿನ್‌ಗೆ ಓಡಿಹೋಗ್ತಾನೆ. ಹಳ್ಳಿ ಹೆಂಗಸು ಜಗಳ ಆಡೋ ಒಂದು ಸಂಭಾಷಣೆ ಅನುವಾದ ಮಾಡುವಾಗ ಪ್ಲ್ಯಾಟ್ಸ್ ನಿಮಗೆ ಅರ್ಥ ಕೊಡ್ತಾನೆ, ಫ್ಯಾಲನ್ ದನಿ ಕೊಡ್ತಾನೆ.

ಫ್ಯಾಲನ್ ಒಬ್ಬನೇ ಕೂತು ಮಾಡಿದ್ದಲ್ಲ ಅದು, ಇಂತಹ ಪ್ರತಿ ಸಾಹೇಬನ ಹಿಂದೆ ಮುನ್ಶಿಗಳ ದಂಡೇ ಇರ್ತಿತ್ತು, ಮುಖಪುಟದಲ್ಲಿ ಅವರ ಹೆಸರಿರಲ್ಲ. ಫ್ಯಾಲನ್ ಹತ್ತಿರ ಕೆಲಸ ಮಾಡಿದವರಲ್ಲಿ ದೆಹಲಿಯ ಸೈಯದ್ ಅಹ್ಮದ್ ದೆಹ್ಲವಿ ಒಬ್ಬರು. ಅವರು ಆಮೇಲೆ ತಾವೇ ನಾಲ್ಕು ಸಂಪುಟದ ಉರ್ದು-ಉರ್ದು ನಿಘಂಟು ಕಟ್ಟಿದ್ರು, ಫರ್ಹಂಗೆ ಆಸಫಿಯಾ. ಆಸಫಿಯಾ ಅನ್ನೋ ಹೆಸರು ಹೈದರಾಬಾದಿನ ಆಸಫ್ ಜಾಹಿ ನಿಜಾಮರದ್ದು, ಆಶ್ರಯ ಅಲ್ಲಿಂದ ಸಿಕ್ತು. ಆಗ ಕಲಬುರಗಿ, ಬೀದರ್, ರಾಯಚೂರು ಎಲ್ಲಾ ಅದೇ ನಿಜಾಮರ ರಾಜ್ಯ, ಹಾಗಾಗಿ ದೆಹಲಿ ಗಲ್ಲಿಯ ಪದಗಳ ಖಜಾನೆಗೆ ನಮ್ಮ ಕಡೆ ಕಂದಾಯದ ದುಡ್ಡೂ ಅಷ್ಟಿಷ್ಟು ಸೇರಿದೆ ಅಂತ ನಾನು ತಮಾಷೆಗೆ (ಕನ್ನಡದ ಅರ್ಥದಲ್ಲಿ) ಹೇಳ್ತಿರ್ತೀನಿ. ದೆಹಲಿಯ ಹಬ್ಬ, ಶಾಸ್ತ್ರ, ಆಟ, ಒಡವೆ, ಅಡುಗೆ ಬಗ್ಗೆ ಏನಾದ್ರೂ ಬಂದ್ರೆ ಮೊದಲು ಅದನ್ನೇ ತೆಗೀರಿ. ಉರ್ದು ಓದೋಕೆ ಕೈ ಕೂತ ಮೇಲೆ ಮಾತ್ರ, ಈಗಲೇ ಬೇಡ.

ಅದಕ್ಕಿಂತ ಹಳೇದು ಬೇಕಾದ್ರೆ ಜಾನ್ ಶೇಕ್ಸ್‌ಪಿಯರ್ ಇದಾನೆ, ನಾಟಕದವನಲ್ಲ, ಮನೆತನದ ಹೆಸರು ಕೇಳೋಕೆ ಒಂದೇ ಅಷ್ಟೇ. 1817ರಲ್ಲಿ ಅವನ ಹಿಂದೂಸ್ತಾನಿ ನಿಘಂಟು ಬಂತು. ದಖನಿ (ದಕ್ಷಿಣದ ಕಡೆಯ ಹಳೇ ಉರ್ದು) ಪದಗಳನ್ನ ಪ್ರತ್ಯೇಕ ಗುರುತು ಹಾಕಿ ಸೇರಿಸಿರೋದರಿಂದ ಬಿಜಾಪುರದ ಆದಿಲ್‌ಶಾಹಿ ಕಾಲದ ಕಾವ್ಯ ಓದೋರಿಗೆ ಕೆಲಸಕ್ಕೆ ಬರತ್ತೆ. ಡಂಕನ್ ಫೋರ್ಬ್ಸ್‌ನದ್ದು 1848, ನಾನು ಅಪರೂಪಕ್ಕೆ ತೆಗೀತೀನಿ. ಕೋರ್ಟು ಕಚೇರಿ ಪದಗಳಿಗೆ ಮಾತ್ರ ಎಚ್. ಎಚ್. ವಿಲ್ಸನ್ 1855ರಲ್ಲಿ ಮಾಡಿದ ನ್ಯಾಯ ಮತ್ತು ಕಂದಾಯ ಪದಕೋಶ ಕಣ್ಣುಮುಚ್ಚಿ ನೋಡಿ, ಅದರಲ್ಲಿ ಕನ್ನಡ, ಮರಾಠಿ, ತೆಲುಗು ಪದಗಳೂ ಇವೆ. ನಮ್ಮ ಪಹಣೀಲಿ ಖುಷ್ಕಿ, ತರಿ, ಬಾಗಾಯ್ತು ಅಂತಿರತ್ತಲ್ಲ, ಖುಷ್ಕ್ ಅಂದ್ರೆ ಒಣ, ತರ್ ಅಂದ್ರೆ ಒದ್ದೆ, ಬಾಗ್ ಅಂದ್ರೆ ತೋಟ, ನಮ್ಮಜ್ಜ ಓದು ಬರಹ ಇಲ್ಲದೇ ಜೀವನಪೂರ್ತಿ ಪರ್ಶಿಯನ್ ಮಾತಾಡಿದ ಅಂತ ನನಗೆ ಗೊತ್ತಾಗಿದ್ದು ಇಂತಹ ಪುಸ್ತಕದಿಂದಲೇ.

ಹಳೇದೆಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ, ಬೈಯೋದೂ ಸಾಕಷ್ಟಿದೆ. ಮೊದಲನೇದು ಇಂಗ್ಲಿಷೇ. ಈ ನಿಘಂಟುಗಳ ಇಂಗ್ಲಿಷ್ ವಿಕ್ಟೋರಿಯಾ ರಾಣಿ ಕಾಲದ್ದು, ಅದಕ್ಕೇ ಇನ್ನೊಂದು ನಿಘಂಟು ಬೇಕು. ವಾಂಟ್ ಅಂತ ಬರೆದಿದ್ರೆ 'ಬೇಕು' ಅಂತಲ್ಲ, ಕೊರತೆ ಅಂತ. ಜನರ ನಡುವಿನ ಒಡನಾಟಕ್ಕೆ, ಹೋಗಿಬಂದು ಮಾಡೋದಕ್ಕೆ ಆಗಿನವರು ಸಲೀಸಾಗಿ ಇಂಟರ್‌ಕೋರ್ಸ್ ಅಂತ ಬರೀತಿದ್ರು, ಇದರ ಮೇಲೆ ನಂಬಿಕೆ ಇಟ್ಟು ಎರಡು ಮನೆತನದ ಸ್ನೇಹಾನ ಏನೋ ಮಾಡಿಟ್ಟ ಒಂದು ಹಸ್ತಪ್ರತಿಯನ್ನ ನಾನೇ ತಿದ್ದಿದೀನಿ. ಎರಡನೇದು, ಆಮೇಲೆ ಬಂದ ಅರ್ಥಗಳು ಅಲ್ಲಿರಲ್ಲ. ಆಂದೋಲನ ಅಂದ್ರೆ 1884ರಲ್ಲಿ ತೂಗಾಡೋದು, ಉಯ್ಯಾಲೆ ಆಡಿದಂಗೆ. ಸ್ವಾತಂತ್ರ್ಯ ಹೋರಾಟದ ಕಥೆಗೆ ಆ ಅರ್ಥ ಹಚ್ಚಿದ್ರೆ ಜನ ಎಲ್ಲಾ ಜೋಕಾಲಿ ಮೇಲೆ ಕೂರ್ತಾರೆ. ಮೂರನೇದು ಬೇರುಗಳು, ಪ್ಲ್ಯಾಟ್ಸ್ ಕೊಡೋ ಸಂಸ್ಕೃತ ಮೂಲಗಳಲ್ಲಿ ಕೆಲವು ಈಗ ನಿಲ್ಲಲ್ಲ, ಟರ್ನರ್ 1966ರಲ್ಲಿ ಪ್ರಕಟಿಸಿದ ಆರ್ಯಭಾಷೆಗಳ ತೌಲನಿಕ ನಿಘಂಟಲ್ಲಿ ಹೋಲಿಸಿ ನೋಡ್ಬೇಕು. ಅನುವಾದಕ್ಕೆ ಇದರಿಂದ ದೊಡ್ಡ ನಷ್ಟ ಏನಿಲ್ಲ ಬಿಡಿ.

ಹಾಗಾಗಿ ನಾನು ಮೊದಲು ನೋಡೋದು ಕಥೆಯ ವಯಸ್ಸು. ನಿಮ್ಮ ಕಥೆ ನೂರು ವರ್ಷದ್ದಾದ್ರೆ ಬರೆದವರು ಭಾಷೆ ಕಲಿತಿದ್ದು ಅದಕ್ಕೂ ಮೂವತ್ತು ನಲವತ್ತು ವರ್ಷ ಹಿಂದೆ, ಅಂದ್ರೆ ಹೆಚ್ಚುಕಮ್ಮಿ ಪ್ಲ್ಯಾಟ್ಸ್, ಫ್ಯಾಲನ್ ಬದುಕಿದ್ದ ಕಾಲದ ಮಾತು. ಹಿಂದಿ ಕಡೆಗೆ ವಾಲಿರೋ ಪಠ್ಯ, ಅಥವಾ ಬ್ರಜ್, ಅವಧೀ ಅನ್ನೋ ಹಳೇ ಕಾವ್ಯದ ನುಡಿಗಳು ಏನಾದ್ರೂ ನುಸುಳಿದ್ರೆ ಕಾಶಿಯ ನಾಗರೀ ಪ್ರಚಾರಿಣೀ ಸಭಾದವರ ಹಿಂದೀ ಶಬ್ದಸಾಗರ ನೋಡಿ, ಶ್ಯಾಮಸುಂದರ ದಾಸರ ಸಂಪಾದನೆ, 1929ರ ಹೊತ್ತಿಗೆ ಮೊದಲ ಆವೃತ್ತಿ ಮುಗಿದಿತ್ತು. ಸೂರದಾಸ, ತುಳಸಿಯರ ಸಾಲುಗಳನ್ನೇ ಉದಾಹರಣೆಗೆ ಕೊಡತ್ತೆ. ರಾಮಚಂದ್ರ ಶುಕ್ಲರ ಹೆಸರಾಂತ ಹಿಂದಿ ಸಾಹಿತ್ಯ ಚರಿತ್ರೆ ಶುರುವಾಗಿದ್ದೇ ಈ ನಿಘಂಟಿನ ಮುನ್ನುಡಿಯಾಗಿ. 1950ರ ಈಚೆಗಿನ ಗದ್ಯಕ್ಕೆ ಮೆಕ್‌ಗ್ರೆಗರ್ 1993ರಲ್ಲಿ ಮಾಡಿದ ಆಕ್ಸ್‌ಫರ್ಡ್ ಹಿಂದಿ ನಿಘಂಟು ಸಾಕು. ಉರ್ದುವಿಗೆ ಕೊನೆಯ ಕೋರ್ಟು ಕರಾಚಿಯ ಉರ್ದು ಲುಗತ್ ಬೋರ್ಡಿನ 22 ಸಂಪುಟ, 1977ರಿಂದ 2010ರವರೆಗೆ ಬಂದಿದ್ದು, ಯಾವ ಪದ ಯಾವ ಕಾಲದಲ್ಲಿ ಯಾರು ಹೇಗೆ ಬಳಸಿದ್ರು ಅಂತ ಉದಾಹರಣೆ ಸಮೇತ ಇದೆ.

ಕನ್ನಡದವರಿಗೆ ನಾನು ಹೇಳಿಕೊಡೋ ಇನ್ನೊಂದು ಉಪಾಯ ಇದೆ, ಕಿಟ್ಟೆಲ್‌ನನ್ನ ಪಕ್ಕದಲ್ಲಿ ಇಟ್ಕೊಳ್ಳಿ. ಕಿಟ್ಟೆಲ್ ನಿಘಂಟು ಮಂಗಳೂರಲ್ಲಿ ಬಂದಿದ್ದು 1894, ಪ್ಲ್ಯಾಟ್ಸ್‌ಗೂ ಅದಕ್ಕೂ ಸರಿಯಾಗಿ ಹತ್ತು ವರ್ಷ. ಹಿಂದೂಸ್ತಾನಿಯಿಂದ ಬಂದ ಪದಕ್ಕೆ, ಮರಾಠಿಯಿಂದ ಬಂದದ್ದಕ್ಕೆ ಅವನು ಗುರುತು ಹಾಕಿದಾನೆ. ಒಂದೇ ಪದ ಎರಡೂ ಕಡೆ ತೆಗೆದು ಪಕ್ಕ ಪಕ್ಕ ಇಟ್ರೆ ಅದೇ ಕಾಲದಲ್ಲಿ ಲಖನೌದಲ್ಲಿ ಅದು ಏನಾಗಿತ್ತು, ಧಾರವಾಡದಲ್ಲಿ ಏನಾಗಿತ್ತು ಅಂತ ಕಾಣತ್ತೆ. ನಮ್ಮ ಜಿ. ವೆಂಕಟಸುಬ್ಬಯ್ಯನವರ ಎರವಲು ಪದಕೋಶಾನೂ ಇದಕ್ಕೆ ಸೇರಿಸ್ಕೊಳ್ಳಿ.

ಕಲಿಯೋರ ವಿಷಯಕ್ಕೆ ಬಂದ್ರೆ, ಮೊದಲ ವರ್ಷ ಪ್ಲ್ಯಾಟ್ಸ್ ಮುಟ್ಟಬೇಡಿ ಅಂತಲೇ ಹೇಳ್ತೀನಿ, ಚಹಾ ಕೇಳೋಕೆ ಹೋಗಿ ನವಾಬರ ಭಾಷೆ ಆಡಿಬಿಡ್ತೀರ. ಎರಡನೇ ವರ್ಷದಿಂದ ದಿನಕ್ಕೆ ಒಂದೇ ಪದ, ಆದ್ರೆ ಅದರ ಹೊಟ್ಟೇಲಿರೋದನ್ನೆಲ್ಲಾ ಓದಿ. 'ಆಂಖ್' ತೆಗೆದು ನೋಡಿ, ಕಣ್ಣಿನ ನುಡಿಗಟ್ಟುಗಳು ಮುಗಿಯೋದೇ ಇಲ್ಲ. ಆಂಖ್ ಆನಾ ಅಂದ್ರೆ ನಾವು ಮದ್ರಾಸ್ ಐ ಅಂತೀವಲ್ಲ ಅದು. ಆಂಖ್ ಲಗ್‌ನಾ ಅಂದ್ರೆ ನಿದ್ದೆ ಹತ್ತೋದು, ಪ್ರೀತಿ ಹುಟ್ಟೋದೂ ಅದೇ, ಯಾವುದು ಅಂತ ಸಂದರ್ಭ ಹೇಳ್ಬೇಕು. 'ಕಲ್' ತೆಗೀರಿ, ನಿನ್ನೆ ನಾಳೆ ಎರಡೂ ಅದೇ ಅಂತ ಕ್ಲಾಸಲ್ಲಿ ಹೇಳಿರ್ತಾರೆ, ಜೊತೆಗೆ ಯಂತ್ರ ಅನ್ನೋ ಕಲ್ ಇದೆ, ನೆಮ್ಮದಿ ಅನ್ನೋ ಕಲ್ ಇದೆ. 'ಕಲ್ ನಹೀಂ ಪಡ್ತೀ' ಅಂತ ನಾಯಕಿ ಅಂದ್ರೆ ನಾಳೆ ಬರಲ್ಲ ಅಂತಲ್ಲ, ಮನಸ್ಸಿಗೆ ಸಮಾಧಾನ ಇಲ್ಲ ಅಂತ.

ಕೊನೆಗೆ ಖರೀದಿ. ಪ್ಲ್ಯಾಟ್ಸ್, ಶಬ್ದಸಾಗರ ಎರಡೂ ಶಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ನಿಘಂಟು ತಾಣದಲ್ಲಿ ಉಚಿತವಾಗಿ ಹುಡುಕಬಹುದು, ಫ್ಯಾಲನ್ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ, ಹಾಗಾಗಿ ದುಡ್ಡಿಲ್ಲ ಅಂತ ನಿಲ್ಲಬೇಡಿ. ರೋಮನ್‌ನಲ್ಲಿ ಹುಡುಕುವಾಗ ಒಂದು ಗಮನ ಇರಲಿ, ಪ್ಲ್ಯಾಟ್ಸ್ 'ಚ'ಗೆ ಸಿ ಎಚ್ ಹಾಕಲ್ಲ, ತಲೆ ಮೇಲೆ ಗೀಟು ಇರೋ ಒಂಟಿ ಸಿ ಹಾಕ್ತಾನೆ, ಇದು ಗೊತ್ತಿಲ್ಲದೇ ಚಲ್‌ನಾ ಕೂಡ ಇಲ್ವಲ್ಲ ಈ ನಿಘಂಟಲ್ಲಿ ಅಂತ ಬೈಕೊಂಡು ಹೋದವರಿದಾರೆ. ರೀಪ್ರಿಂಟ್ ತಗೊಳ್ಳೋದಾದ್ರೆ ಬೈಂಡಿಂಗ್, ಬೆಲೆ ಎಲ್ಲಾ ಆಮೇಲೆ, ಮೊದಲು ಜೀಮ್, ಹೇ, ಖೇ ಅಕ್ಷರಗಳ ಪುಟ ತೆಗೆದು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಈ ಮೂರಕ್ಕೂ ರೂಪ ಒಂದೇ, ವ್ಯತ್ಯಾಸ ಒಂದು ಚುಕ್ಕೆಯದ್ದು, ಹೊಟ್ಟೇಲಿದ್ರೆ ಜೀಮ್, ತಲೆ ಮೇಲಿದ್ರೆ ಖೇ, ಇಲ್ಲದಿದ್ರೆ ಹೇ. ಅಗ್ಗದ ರೀಪ್ರಿಂಟ್‌ಗಳು ಹಳೇ ಪುಟದ ಫೋಟೋ ಹೊಡೆದು ಮಾಡಿರೋದರಿಂದ ಎಷ್ಟೋ ಕಡೆ ಆ ಚುಕ್ಕೆ ಹಾರಿಹೋಗಿರತ್ತೆ, ಇಲ್ಲಾ ಧೂಳಿನ ಕಲೆ ಚುಕ್ಕೆಯಾಗಿ ಕೂತಿರತ್ತೆ. ಚುಕ್ಕೆ ಸರಿಯಾಗಿ ಕಾಣದಿದ್ರೆ ಅಂಗಡಿಯವನು ಎಷ್ಟೇ ಬೆಲೆ ಇಳಿಸಿದ್ರೂ ವಾಪಸ್ ಕೊಟ್ಟು ಬನ್ನಿ.